ಹಿರಿಯರ ಪೆಟ್ಟಿಗೆಯ ರಿವಾಲ್ವರ್ : ಅರಿವು ಮತ್ತು ಎಚ್ಚರ

ನಮ್ಮ ನಾಡಿನ ಹಳೆಯ ವಾಡೆಗಳಲ್ಲಿ, ಗೌಡಕಿ ದೇಸಗತಿಗಳನ್ನು ನಡೆಸಿದ ಮನೆತನಗಳಲ್ಲಿ ಹಿರಿಯರಿಂದ ಕಿರಿಯರಿಗೆ ಹರಿದುಬರುವ ವಸ್ತುಗಳು ಅನೇಕ. ತಾಮ್ರದ ಹಂಡೆ, ಬೆಳ್ಳಿಯ ಕರಡಿಗೆ, ತೇಗದ ಮಂಚ, ಮೋಡಿ ಲಿಪಿಯ ಸನದುಗಳು ಇವೆಲ್ಲ ಮನೆತನದ ನೆನಪನ್ನು ಹೊತ್ತು ಬರುತ್ತವೆ. ಇವುಗಳೊಡನೆ ಕೆಲವು ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ, ಎಣ್ಣೆ ಹಿಡಿದ ಅರಿವೆಯಲ್ಲಿ ಸುತ್ತಿಟ್ಟ ಹಳೆಯ ರಿವಾಲ್ವರ್ ಒಂದು ಇರುವುದುಂಟು. ಹಂಡೆಯನ್ನಾಗಲಿ ಮಂಚವನ್ನಾಗಲಿ ಅಣ್ಣತಮ್ಮಂದಿರು ವಾಟಣಿಯಲ್ಲಿ ಹಂಚಿಕೊಂಡರೆ ಅಲ್ಲಿಗೆ ಕಾರ್ಯ ಮುಗಿಯಿತು. ರಿವಾಲ್ವರಿನ ಮಾತು ಹಾಗಲ್ಲ. ಅದು ಯಾವುದೆಂದು ಅರಿಯಬೇಕು, ಅದನ್ನು ಇಟ್ಟುಕೊಳ್ಳಲು ಕಾಯಿದೆಯ ಒಪ್ಪಿಗೆ ಬೇಕು, ಅದರಿಂದ ಯಾರಿಗೂ ಅಪಾಯವಾಗದಂತೆ ಕಾಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಹಿರಿಯರ ಗೌರವದ ಗುರುತಾಗಿದ್ದ ವಸ್ತುವು ಕಿರಿಯರನ್ನು ನ್ಯಾಯಾಲಯಕ್ಕೋ ಆಸ್ಪತ್ರೆಗೋ ಎಳೆದೊಯ್ಯಬಲ್ಲದು. ಆದಕಾರಣ ಈ ವಿಷಯವನ್ನು ಕುಟುಂಬದ ಓದುಗರ ಮುಂದೆ ಸ್ವಲ್ಪ ವಿಸ್ತಾರವಾಗಿಯೇ ಇಡಬಯಸುತ್ತೇವೆ.

ಮನೆಗೆ ಬಂದ ಬಗೆ

ಮದ್ದುಗುಂಡಿನ ಆಯುಧವು ನಮ್ಮವರ ಕೈಯಲ್ಲಿ ಉಳಿದದ್ದು ಸರ್ಕಾರದ ಅನುಮತಿಯ ಮೇಲೆಯೇ. ೧೮೫೭ರಲ್ಲಿ ಬ್ರಿಟಿಷರು ಜನರನ್ನು ನಿರಾಯುಧರನ್ನಾಗಿ ಮಾಡುವ ಕಾಯಿದೆಯನ್ನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಹತಾರಗಳನ್ನು ಒಪ್ಪಿಸಲಾರದೆ ಹೋರಾಡಿ ಮಡಿದ ಕಥೆಯನ್ನು ಲಾವಣಿಕಾರರ ಬಾಯಿಂದ ಕೇಳದವರು ನಮ್ಮ ಭಾಗದಲ್ಲಿ ವಿರಳ. ಮುಂದೆ ೧೮೭೮ರಲ್ಲಿ ವೈಸರಾಯ್ ಲಿಟ್ಟನ್ನನ ಕಾಲದ ಶಸ್ತ್ರಾಸ್ತ್ರ ಕಾಯಿದೆಯು ಯುರೋಪಿಯನ್ನರಿಗೆ ವಿನಾಯಿತಿಯನ್ನು ಕೊಟ್ಟು, ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಇಂಥ ಕಾಲದಲ್ಲಿ ರಿವಾಲ್ವರಿನ ಪರವಾನಗಿ ದೊರೆಯುವುದೆಂದರೆ ಸರ್ಕಾರದ ವಿಶ್ವಾಸ ದೊರೆತಂತೆಯೇ ಆಗಿತ್ತು. ವತನದಾರರು, ಇನಾಮದಾರರು, ದೊಡ್ಡ ವರ್ತಕರು ಅದನ್ನು ಪ್ರತಿಷ್ಠೆಯಾಗಿ ಕಂಡರು. ಎರಡು ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿ ಮರಳಿದವರ ಮೂಲಕ ಕೆಲವು ಬಂದವು. ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ೧೯೪೭-೪೮ರ ರಜಾಕಾರರ ಹಾವಳಿಯ ದಿನಗಳಲ್ಲಿ ಆತ್ಮರಕ್ಷಣೆಗೆಂದು ಆಯುಧಗಳನ್ನು ಕೂಡಿಸಿಕೊಂಡವರೂ ಉಂಟು.

ಕಾಲ ಬದಲಾಯಿತು. ೧೯೬೧ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಗೌಡಕಿ ಕುಲಕರ್ಣಿಕೆಗಳು ಹೋದವು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯು ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತು. ಅಧಿಕಾರ ಹೋಯಿತು, ಕಾಯಿದೆ ಬದಲಾಯಿತು, ಆದರೆ ಆಯುಧ ಮಾತ್ರ ಪೆಟ್ಟಿಗೆಯಲ್ಲಿಯೇ ಉಳಿಯಿತು. ಪರವಾನಗಿದಾರರು ಲಿಂಗೈಕ್ಯರಾದ ಬಳಿಕ ಅದರ ನವೀಕರಣವನ್ನು ಯಾರೂ ಮಾಡಿಸದೆ ಹೋದ ಮನೆಗಳಲ್ಲಿಯೇ ಇಂದಿನ ತೊಡಕು ಇರುವುದು.

ಮೊದಲ ಮಾತು: ತುಂಬಿದೆಯೆಂದೇ ತಿಳಿಯಿರಿ

ಇಂಥ ಆಯುಧ ಕಣ್ಣಿಗೆ ಬಿದ್ದಾಗ ಮೊದಲು ಮಾಡಬೇಕಾದ ಕೆಲಸ ಅದನ್ನು ಮುಟ್ಟದಿರುವುದು. “ಅಜ್ಜನವರ ಕಾಲದ್ದು, ತುಕ್ಕು ಹಿಡಿದಿದೆ, ಇದರಲ್ಲಿ ಏನಿದ್ದೀತು” ಎಂಬ ಉಡಾಫೆಯ ಮಾತು ಸಲ್ಲದು. ರಿವಾಲ್ವರಿನಲ್ಲಿ ಗುಂಡು ತುಂಬುವುದು ನಳಿಗೆಯ ಹಿಂದಿರುವ, ತಿರುಗುವ ಉರುಳೆಯಲ್ಲಿ. ಇದಕ್ಕೆ ಸಿಲಿಂಡರು ಎಂದು ಹೆಸರು. ಇದರಲ್ಲಿ ಸಾಮಾನ್ಯವಾಗಿ ಐದು ಅಥವಾ ಆರು ಗೂಡುಗಳಿರುತ್ತವೆ. ಹಳೆಯ ಕಾಲದ ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ಹಿತ್ತಾಳೆಯ ತೋಟೆಗಳು, ಅಂದರೆ ಕಾಡತೂಸುಗಳು, ಹಸಿರುಗಟ್ಟಿದ್ದರೂ ಸಿಡಿಯಬಲ್ಲವು.

ಹಳೆಯ ಅನೇಕ ರಿವಾಲ್ವರುಗಳಲ್ಲಿ ಇನ್ನೊಂದು ದೋಷವಿದೆ. ತೋಟೆಯ ಹಿಂಬದಿಗೆ ಬಡಿಯುವ ಸುತ್ತಿಗೆಯು, ತುಂಬಿದ ಗೂಡಿನ ಮೇಲೆಯೇ ನೇರವಾಗಿ ಕುಳಿತಿರುತ್ತದೆ. ನಡುವೆ ತಡೆಯಿಲ್ಲ. ಇಂಥ ಆಯುಧ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೆ ಟ್ರಿಗರನ್ನು ಯಾರೂ ಎಳೆಯದಿದ್ದರೂ ಗುಂಡು ಹಾರಬಹುದು. ಈ ಕಾರಣದಿಂದಲೇ ಹಿಂದಿನ ಅನುಭವಿಗಳು ಸುತ್ತಿಗೆಯ ಕೆಳಗಿನ ಒಂದು ಗೂಡನ್ನು ಬರಿದಾಗಿ ಬಿಡುತ್ತಿದ್ದರು.

ಆದ್ದರಿಂದ ನಾಲ್ಕು ನಿಯಮಗಳನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಳ್ಳುವುದು ಒಳಿತು. ಬಂದೂಕು ಯಾವುದೇ ಇರಲಿ, ಅದು ತುಂಬಿದೆಯೆಂದೇ ತಿಳಿಯಬೇಕು. ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸಬಾರದು, ನಳಿಗೆಯೊಳಗೆ ಇಣುಕಿ ನೋಡಬಾರದು. ಬೆರಳನ್ನು ಟ್ರಿಗರಿನ ಬಳಿಗೆ ಒಯ್ಯಬಾರದು. ಸುತ್ತಿಗೆಯನ್ನು ಹಿಂದಕ್ಕೆ ಎಳೆದು ಆಟವಾಡಬಾರದು. ಬಳಕೆಯ ಪರಿಚಯವಿಲ್ಲದವರು ಅದನ್ನು ತೆರೆಯಲು ಹೋಗದೆ, ಕೋಣೆಗೆ ಬೀಗ ಹಾಕಿ, ಬಲ್ಲವರನ್ನು ಕರೆಯಿಸುವುದೇ ಜಾಣತನ. ಬಲ್ಲವರೆಂದರೆ ಪರವಾನಗಿಯುಳ್ಳ ಬಂದೂಕು ವ್ಯಾಪಾರಿ ಅಥವಾ ಪೊಲೀಸ್ ಇಲಾಖೆಯ ಶಸ್ತ್ರಾಗಾರದ ಸಿಬ್ಬಂದಿ, ಊರಿನ ಕಮ್ಮಾರನಲ್ಲ.

ಐದು ಬಗೆಗಳು

ರಿವಾಲ್ವರಿನ ಕಾಲವನ್ನೂ ಜಾತಿಯನ್ನೂ ಅರಿಯಲು ಅದು ಹೇಗೆ ತೆರೆದುಕೊಳ್ಳುತ್ತದೆ ಎಂಬುದೇ ಮುಖ್ಯ ಸುಳಿವು. ಹೊರಗಿನಿಂದ ನೋಡಿಯೇ ಇದನ್ನು ಬಹುಮಟ್ಟಿಗೆ ಗುರುತಿಸಬಹುದು.

ಮೊದಲನೆಯದು ಕೇಪಿನ ರಿವಾಲ್ವರ್. ಅಮೆರಿಕದ ಸ್ಯಾಮುಯೆಲ್ ಕೋಲ್ಟ್ ೧೮೩೬ರಲ್ಲಿ ತನ್ನ ದೇಶದ ಪೇಟೆಂಟು ಪಡೆದದ್ದು ಈ ಬಗೆಗೆ. ೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ತನ್ನ ಮಾದರಿಯನ್ನು ಇದಕ್ಕೆ ಎದುರಾಳಿಯಾಗಿ ಇಟ್ಟನು. ಇದರಲ್ಲಿ ಮದ್ದು ಗುಂಡುಗಳನ್ನು ಉರುಳೆಯ ಮುಂಭಾಗದಿಂದ ಗಿಡಿದು ತುಂಬುತ್ತಾರೆ. ಉರುಳೆಯ ಹಿಂಬದಿಯಲ್ಲಿ ಕೇಪು ಕೂರಿಸುವ ಚಿಕ್ಕ ಚಿಕ್ಕ ಮೊಳೆಗಳು ಕಾಣುತ್ತವೆ. ಇದು ತುಂಬಿದೆಯೋ ಇಲ್ಲವೋ ಎಂಬುದು ಹೊರನೋಟಕ್ಕೆ ತಿಳಿಯುವುದು ಕಷ್ಟ.

ಎರಡನೆಯದು ಸೂಜಿತೋಟೆಯ ರಿವಾಲ್ವರ್. ಫ್ರಾನ್ಸಿನ ಲೆಫೋಶೋ ಹೆಸರಿನಿಂದ ಪ್ರಸಿದ್ಧವಾದ ಈ ಬಗೆಯಲ್ಲಿ ತೋಟೆಯ ಬದಿಯಿಂದ ಒಂದು ಪುಟ್ಟ ಸೂಜಿ ಹೊರಚಾಚಿರುತ್ತದೆ. ಉರುಳೆಯ ಅಂಚಿನಲ್ಲಿ ಆ ಸೂಜಿಗಾಗಿ ಕೊರೆದ ಕಚ್ಚುಗಳಿರುತ್ತವೆ. ಸೂಜಿಯ ಮೇಲೆ ಪೆಟ್ಟು ಬಿದ್ದರೆ ಸಾಕು, ತೋಟೆ ಸಿಡಿಯುತ್ತದೆ. ಆದ್ದರಿಂದ ಇದರ ಹಳೆಯ ತೋಟೆಗಳು ಬಹಳ ಅಪಾಯಕಾರಿ.

ಮೂರನೆಯದು ಗಟ್ಟಿಚೌಕಟ್ಟಿನದು. ಇದು ಎಲ್ಲಿಯೂ ಮಡಚುವುದಿಲ್ಲ. ಉರುಳೆಯ ಹಿಂದೆ ಬಲಬದಿಯಲ್ಲಿ ಒಂದು ಪುಟ್ಟ ಬಾಗಿಲಿದ್ದು, ಅದರ ಮೂಲಕ ಒಂದೊಂದೇ ತೋಟೆಯನ್ನು ಹಾಕಿ ತೆಗೆಯಬೇಕು. ಕೋಲ್ಟ್ ಸಂಸ್ಥೆಯ ೧೮೭೩ರ ಮಾದರಿ ಇದಕ್ಕೆ ಹೆಸರಾದ ಉದಾಹರಣೆ.

ನಾಲ್ಕನೆಯದು ಮಡಚುವ ರಿವಾಲ್ವರ್. ಬ್ರಿಟಿಷರ ಆಳ್ವಿಕೆಯ ನಾಡಾದ ನಮ್ಮಲ್ಲಿ ಹೆಚ್ಚಾಗಿ ಹೆಸರು ಕೇಳಿಬರುವ ವೆಬ್ಲಿ ಈ ಬಗೆಯದು. ಸುತ್ತಿಗೆಯ ಮಗ್ಗುಲಲ್ಲಿರುವ ಚಿಲಕವನ್ನು ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ. ಉರುಳೆಯ ನಡುವಿನ ನಕ್ಷತ್ರದಾಕಾರದ ತುಂಡು ಎದ್ದು ಎಲ್ಲ ತೋಟೆಗಳನ್ನೂ ಒಮ್ಮೆಗೇ ಹೊರತಳ್ಳುತ್ತದೆ. ಬ್ರಿಟಿಷ್ ಸೇನೆಯು ವೆಬ್ಲಿಯ ಮೊದಲನೆಯ ಮಾದರಿಯನ್ನು ೧೮೮೭ರಲ್ಲಿಯೂ ಆರನೆಯ ಮಾದರಿಯನ್ನು ೧೯೧೫ರಲ್ಲಿಯೂ ಅಂಗೀಕರಿಸಿತು. ಆರನೆಯ ಮಾದರಿಯ ನಳಿಗೆ ಆರು ಅಂಗುಲ, ಹಿಡಿಕೆಯ ತುದಿ ಚೌಕ. ಅದಕ್ಕಿಂತ ಹಿಂದಿನವುಗಳ ಹಿಡಿಕೆ ಸಾಮಾನ್ಯವಾಗಿ ಹಕ್ಕಿಯ ಕೊಕ್ಕಿನಂತೆ ಬಾಗಿರುತ್ತದೆ. ೧೯೩೨ರಲ್ಲಿ ಸೇನೆಗೆ ಬಂದ ಎನ್‌ಫೀಲ್ಡ್ ರಿವಾಲ್ವರ್ ಕೂಡ ಹೀಗೆಯೇ ಮಡಚುತ್ತದೆ, ಆದರೆ ಗಾತ್ರದಲ್ಲಿ ಕಿರಿದು.

ಐದನೆಯದು ಉರುಳೆಯು ಎಡಗಡೆಗೆ ಹೊರಳಿ ತೆರೆದುಕೊಳ್ಳುವ ಬಗೆ. ಕೋಲ್ಟ್ ಸಂಸ್ಥೆ ೧೮೮೯ರಿಂದಲೂ ಸ್ಮಿತ್ ಆಂಡ್ ವೆಸನ್ ಸಂಸ್ಥೆ ೧೮೯೬ರಿಂದಲೂ ಇದನ್ನು ತಯಾರಿಸಿದವು. ಇಂದಿಗೂ ಜಗತ್ತಿನಲ್ಲಿ ಹೆಚ್ಚಾಗಿ ನಡೆದಿರುವುದು ಇದೇ ಬಗೆ.

ಲೋಹದ ಮೇಲಿನ ಅಕ್ಷರಗಳು

ಬಗೆ ತಿಳಿದ ಮೇಲೆ ಅಚ್ಚುಗಳನ್ನು ಓದಬೇಕು. ನಳಿಗೆಯ ಮೇಲೆ, ಚೌಕಟ್ಟಿನ ಎಡಬಲಗಳಲ್ಲಿ, ಉರುಳೆಯ ಗೂಡುಗಳ ನಡುವೆ, ಹಿಡಿಕೆಯ ತಳದಲ್ಲಿ ಇವು ಇರುತ್ತವೆ. ತಯಾರಕನ ಹೆಸರು, ಕ್ರಮಸಂಖ್ಯೆ, ಬೋರಿನ ಅಂಕಿ ಇವು ಮುಖ್ಯವಾದವು. ಇವುಗಳಲ್ಲದೆ ಪರೀಕ್ಷೆಯ ಮುದ್ರೆಗಳೂ ಇರುತ್ತವೆ. ಇಂಗ್ಲೆಂಡಿನಲ್ಲಿ ಹೊಸ ಬಂದೂಕನ್ನು ಮಾರುವ ಮುನ್ನ ಸಾಮಾನ್ಯಕ್ಕಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ ನೋಡಿ, ತಡೆದುಕೊಂಡದ್ದಕ್ಕೆ ಮಾತ್ರ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ ೧೮೧೩ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಸ್ಥಾಪಿತವಾದದ್ದು. ೧೯೦೪ರ ನಂತರದ ಅಲ್ಲಿಯ ಮುದ್ರೆಗಳಲ್ಲಿ ಕಿರೀಟದ ಕೆಳಗೆ ‘ಬಿ.ಪಿ.’, ‘ಬಿ.ವಿ.’, ‘ಎನ್.ಪಿ.’ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಇವುಗಳಲ್ಲಿ ‘ಎನ್.ಪಿ.’ ಎಂಬುದು ಹೊಗೆರಹಿತ ಮದ್ದಿನ ಪರೀಕ್ಷೆಯಲ್ಲಿ ಗೆದ್ದುದರ ಗುರುತು. ಮೊಟ್ಟೆಯಾಕಾರದ ಗೆರೆಯೊಳಗೆ ‘ಇ.ಎಲ್.ಜಿ.’ ಎಂದಿದ್ದರೆ ಅದು ಬೆಲ್ಜಿಯಮ್ಮಿನ ಲಿಯೇಜ್ ನಗರದ್ದು. ಅಗಲ ಬಾಣದ ತುದಿಯಂಥ ಗುರುತಿದ್ದರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತಾಗಿತ್ತೆಂದು ತಿಳಿಯಬೇಕು.

ಹೆಸರೊಂದನ್ನೇ ನಂಬುವಂತಿಲ್ಲ. ಬೆಲ್ಜಿಯಮ್ಮಿನಲ್ಲಿಯೂ ಸ್ಪೇನಿನ ಐಬಾರ್ ಪಟ್ಟಣದಲ್ಲಿಯೂ ಪ್ರಸಿದ್ಧ ಮಾದರಿಗಳ ಅನುಕರಣೆಗಳು ಹೇರಳವಾಗಿ ತಯಾರಾದವು. ಈಗ ಪಾಕಿಸ್ತಾನದಲ್ಲಿರುವ ದರ್ರಾ ಆದಂ ಖೇಲ್ ಎಂಬಲ್ಲಿ ಕೈಕೆಲಸದವರು ವೆಬ್ಲಿಯನ್ನು ಮುದ್ರೆಗಳ ಸಹಿತ ನಕಲು ಮಾಡಿದ್ದಾರೆ. ಹೆಸರಿನ ಕಾಗುಣಿತ ತಪ್ಪಿರುವುದು, ಅಕ್ಷರ ತಿರುಗುಮುರುಗಾಗಿರುವುದು, ಸಾಲು ಡೊಂಕಾಗಿರುವುದು ಇಂಥ ನಕಲಿನ ಲಕ್ಷಣ. ಅವುಗಳ ಉಕ್ಕು ಎಂಥದೋ ಬಲ್ಲವರಿಲ್ಲ. ಅವುಗಳನ್ನು ಹಾರಿಸುವುದು ಸರ್ವಥಾ ಕೂಡದು.

ಇಲ್ಲಿ ಒಂದು ವಿಜ್ಞಾಪನೆ. ಅಕ್ಷರಗಳು ಸ್ಪಷ್ಟವಾಗಲೆಂದು ತಾಮ್ರದ ಕೊಡವನ್ನು ಬೆಳಗುವಂತೆ ಹುಣಸೆಹಣ್ಣು, ಬೂದಿ, ಉಸುಕುಕಾಗದ ಹಚ್ಚಿ ತಿಕ್ಕಬಾರದು. ಇದರಿಂದ ಗುರುತುಗಳು ಸವೆಯುತ್ತವೆ, ಉಕ್ಕಿನ ನೀಲಿಬಣ್ಣ ಹೋಗುತ್ತದೆ, ಚಾರಿತ್ರಿಕ ಬೆಲೆಯೂ ನಷ್ಟವಾಗುತ್ತದೆ. ಮೇಲಾಗಿ ಕ್ರಮಸಂಖ್ಯೆ ಅಳಿಸಿದ ಆಯುಧವು ಕಾಯಿದೆಯ ಕಣ್ಣಿನಲ್ಲಿ ಸಂಶಯಾಸ್ಪದವಾಗುತ್ತದೆ.

ಬೋರಿನ ಅಂಕಿಯ ಮಹತ್ವ

ನಳಿಗೆಯ ಒಳಅಳತೆಯನ್ನು ನಮ್ಮಲ್ಲಿ ಬೋರು ಎನ್ನುತ್ತಾರೆ. ‘.೩೨’ ಎಂದರೆ ಅಂಗುಲದ ನೂರರಲ್ಲಿ ಮೂವತ್ತೆರಡು ಪಾಲು, ಸುಮಾರು ೮ ಮಿಲಿಮೀಟರ್. ‘.೪೫೫’ ಎಂದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಈ ಅಂಕಿಯನ್ನು ಅರಿಯುವುದು ಕುತೂಹಲಕ್ಕಾಗಿ ಮಾತ್ರವಲ್ಲ. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ ‘.೩೮೦’ ಮತ್ತು ‘.೪೫೫’ ಅಂಚುಳ್ಳ ತೋಟೆಗಳನ್ನು ಹಾರಿಸಬಲ್ಲ ರಿವಾಲ್ವರುಗಳು ನಿಷೇಧಿತ ಬೋರಿನ ವರ್ಗಕ್ಕೆ ಸೇರಿವೆ, ಏಕೆಂದರೆ ಅವು ಸೇನೆಯ ತೋಟೆಗಳು. ಮೇಲೆ ಹೇಳಿದ ಸೇನಾ ವೆಬ್ಲಿಯು ‘.೪೫೫’ರದು, ಎನ್‌ಫೀಲ್ಡ್ ‘.೩೮೦’ರದು. ಅದೇ ವೆಬ್ಲಿಯು ಖಾಸಗಿ ಬಳಕೆಗೆ ತಯಾರಿಸಿದ ‘.೩೨’ ರಿವಾಲ್ವರ್ ಈ ಪಟ್ಟಿಗೆ ಸೇರುವುದಿಲ್ಲ. ನೋಟಕ್ಕೆ ಅಣ್ಣತಮ್ಮಂದಿರಂತಿರುವ ಎರಡು ಆಯುಧಗಳಲ್ಲಿ ಒಂದಕ್ಕೆ ಜಿಲ್ಲೆಯಲ್ಲಿಯೇ ಪರವಾನಗಿ ದೊರೆಯಬಹುದು, ಇನ್ನೊಂದಕ್ಕೆ ದೆಹಲಿಯ ಗೃಹ ಸಚಿವಾಲಯದವರೆಗೆ ಹೋಗಬೇಕು.

ಕಾಯಿದೆ ಏನು ಹೇಳುತ್ತದೆ?

“ನೂರು ವರ್ಷದ ಹಳೆಯ ವಸ್ತು, ಇದಕ್ಕೆಂಥ ಪರವಾನಗಿ?” ಎಂಬ ತಿಳುವಳಿಕೆ ನಮ್ಮಲ್ಲಿ ಬಹಳ ಹರಡಿದೆ. ಅಮೆರಿಕದ ೧೯೬೮ರ ಕಾಯಿದೆಯು ೧೮೯೮ ಮತ್ತು ಅದಕ್ಕೆ ಹಿಂದೆ ತಯಾರಾದ ಬಂದೂಕುಗಳನ್ನು ಪುರಾತನವೆಂದು ಬೇರ್ಪಡಿಸಿರುವುದು ನಿಜ. ಪರದೇಶದಲ್ಲಿರುವ ಮಕ್ಕಳು ಇದನ್ನು ಓದಿ ಊರಿಗೆ ತಿಳಿಸುವುದೂ ಉಂಟು. ಆದರೆ ಭಾರತದ ಕಾಯಿದೆಯಲ್ಲಿ ಇಂಥ ವರ್ಷದ ಗೆರೆ ಇಲ್ಲ. ನಮ್ಮ ಕಾಯಿದೆಯ ೪೫ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುತ್ತದೆಯಾದರೂ ಒಂದು ಷರತ್ತನ್ನು ಹಾಕಿದೆ: ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿರಬೇಕು. ಸ್ಪ್ರಿಂಗು ಮುರಿದಿದೆ, ತುಕ್ಕಿನಿಂದ ಉರುಳೆ ತಿರುಗದು ಎಂಬ ಮಾತ್ರಕ್ಕೆ ಈ ವಿನಾಯಿತಿ ದೊರೆಯದು. ರಿಪೇರಿಯಿಂದ ಸರಿಹೋಗುವುದಾದರೆ ಅದು ಬಂದೂಕೇ. ಇದನ್ನು ತೀರ್ಮಾನಿಸುವವರು ಅಧಿಕಾರಿಗಳು, ಮನೆಯವರಲ್ಲ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸರ್ಕಾರ ಕೊಟ್ಟಿರುವ ಪ್ರತ್ಯೇಕ ವಿನಾಯಿತಿಯನ್ನು ನಾಡಿನ ಉಳಿದವರು ತಮಗೂ ಇದೆಯೆಂದು ತಿಳಿಯಕೂಡದು.

ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಂಡರೆ, ೨೦೧೯ರ ತಿದ್ದುಪಡಿಯ ಪ್ರಕಾರ, ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಸೆರೆವಾಸವೂ ದಂಡವೂ ಇದೆ. ನಿಷೇಧಿತ ವರ್ಗದ್ದಾದರೆ ಶಿಕ್ಷೆ ಏಳರಿಂದ ಹದಿನಾಲ್ಕು ವರ್ಷ. “ನಾನು ಕೊಂಡದ್ದಲ್ಲ, ಹಿರಿಯರು ಬಿಟ್ಟುಹೋದದ್ದು” ಎಂಬುದು ಪರವಾನಗಿಗೆ ಬದಲಾಗಲಾರದು.

ಹಾಗಾದರೆ ಮಾಡಬೇಕಾದುದೇನು? ಪರವಾನಗಿದಾರರು ತೀರಿಕೊಂಡರೆ ವಾರಸುದಾರರು ತಡಮಾಡದೆ ಆಯುಧವನ್ನೂ ತೋಟೆಗಳನ್ನೂ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಕಾಯಿದೆಯ ೨೧ನೆಯ ಕಲಮು ಇದಕ್ಕೆ ಅವಕಾಶ ಕೊಟ್ಟಿದೆ. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪರವಾನಗಿ ಪಡೆದ ವಾರಸುದಾರರು ಅದನ್ನು ಮರಳಿ ಪಡೆಯಬಹುದು ಅಥವಾ ಕಾಯಿದೆಯಂತೆ ಮಾರಬಹುದು. ಅನಂತರ ಮರಣದ ದಾಖಲೆ, ಹಳೆಯ ಪರವಾನಗಿ ಪುಸ್ತಕ, ಉಳಿದ ವಾರಸುದಾರರ ಒಪ್ಪಿಗೆ ಇವುಗಳೊಡನೆ ಒಬ್ಬರು ಅರ್ಜಿ ಹಾಕಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರು ಪರವಾನಗಿಯ ಅಧಿಕಾರಿಗಳು. ಅರ್ಜಿದಾರರಿಗೆ ೨೧ ವರ್ಷ ತುಂಬಿರಬೇಕು, ಸುರಕ್ಷತೆಯ ತರಬೇತಿಯೂ ಆಗಬೇಕು. ಮಗನಂತೆ ಮಗಳೂ ವಾರಸುದಾರಳೇ ಎಂಬುದನ್ನು ಮರೆಯಬಾರದು.

ಹಿರಿಯರು ಜೀವಂತರಿರುವಾಗಲೇ ಈ ಕಾರ್ಯ ಮುಗಿಸುವುದು ಇನ್ನೂ ಉತ್ತಮ. ೨೦೧೬ರ ನಿಯಮಗಳ ಪ್ರಕಾರ ೭೦ ವರ್ಷ ತುಂಬಿದ ಅಥವಾ ೨೫ ವರ್ಷ ಆಯುಧವನ್ನು ಹೊಂದಿದ್ದ ಪರವಾನಗಿದಾರರು ತಮ್ಮ ವಾರಸುದಾರರಲ್ಲಿ ಒಬ್ಬರ ಹೆಸರನ್ನು ಸೂಚಿಸಬಹುದು. ವಾಟಣಿಪತ್ರದಲ್ಲಿಯೋ ಮರಣಶಾಸನದಲ್ಲಿಯೋ “ರಿವಾಲ್ವರ್ ಹಿರಿಯ ಮಗನಿಗೆ” ಎಂದು ಬರೆದ ಮಾತ್ರಕ್ಕೆ ಅದನ್ನು ಇಟ್ಟುಕೊಳ್ಳುವ ಅಧಿಕಾರ ಬಾರದು. ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕುಗಳು ಇರಕೂಡದೆಂಬ ೨೦೧೯ರ ಮಿತಿಯು ಹಿರಿಯರಿಂದ ಬಂದ ಆಯುಧಗಳಿಗೂ ಅನ್ವಯಿಸುತ್ತದೆ.

ಯಾವ ಕಾಗದವೂ ಇಲ್ಲದ ಆಯುಧ ಅಟ್ಟದಲ್ಲಿ ದೊರೆತರೆ ಏನು ಮಾಡಬೇಕೆಂಬುದು ಕಷ್ಟದ ಪ್ರಶ್ನೆ. ಹೆದರಿ ಅದನ್ನು ಬಾವಿಗೆ ಎಸೆಯುವುದು, ಹೊಲದಲ್ಲಿ ಹೂಳುವುದು, ಆಪ್ತರಿಗೆ ಕೊಟ್ಟುಬಿಡುವುದು ಇವೆಲ್ಲ ತಪ್ಪನ್ನು ಹೆಚ್ಚಿಸುವ ದಾರಿಗಳು. ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಪಟ್ಟಣದ ಅಂಗಡಿಗೆ ಒಯ್ಯುವುದೂ ಸರಿಯಲ್ಲ. ನಂಬಿಕೆಯ ವಕೀಲರನ್ನು ಕಂಡು, ವಸ್ತು ಎಲ್ಲಿ, ಯಾವಾಗ, ಯಾರ ಸಮಕ್ಷಮ ದೊರೆಯಿತೆಂಬುದನ್ನು ಬರವಣಿಗೆಯಲ್ಲಿ ಠಾಣೆಗೆ ತಿಳಿಸಿ, ಅವರು ಬಂದು ವಶಕ್ಕೆ ತೆಗೆದುಕೊಳ್ಳುವಂತೆ ಮಾಡಿ, ಸ್ವೀಕೃತಿ ಪಡೆಯುವುದೇ ನೇರವಾದ ಮಾರ್ಗ. ಇದರ ಜೊತೆಗೆ ಹಳೆಯ ಕಡತಗಳನ್ನು ಹುಡುಕಬೇಕು. ಚುನಾವಣೆಗಳ ಕಾಲದಲ್ಲಿ ಹಿರಿಯರು ಆಯುಧವನ್ನು ಠಾಣೆಗೆ ಒಪ್ಪಿಸಿ ಪಡೆದ ರಸೀದಿ, ನವೀಕರಣ ಶುಲ್ಕ ತುಂಬಿದ ಚಲನು, ವ್ಯಾಪಾರಿಯ ಹಳೆಯ ಬಿಲ್ಲು ಇಂಥ ಒಂದು ಕಾಗದವೂ ಮನೆತನದ ಪ್ರಾಮಾಣಿಕತೆಗೆ ಸಾಕ್ಷಿಯಾಗಬಲ್ಲದು.

ಹಾರಿಸಬಹುದೇ?

ಪರವಾನಗಿ ದೊರೆತ ಬಳಿಕ ತರುಣರು ಕೇಳುವ ಪ್ರಶ್ನೆ ಇದು. ಪರವಾನಗಿಯು ಇಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆ. ಉಕ್ಕಿಗೆ ಯೌವನವನ್ನು ಕೊಡುವುದಿಲ್ಲ. ಹಳೆಯ ರಿವಾಲ್ವರುಗಳು ಕರಿಮದ್ದಿಗಾಗಿ ಹುಟ್ಟಿದವು. ಫ್ರಾನ್ಸಿನಲ್ಲಿ ೧೮೮೪ರಲ್ಲಿ ಹೊಗೆರಹಿತ ಮದ್ದು ಬಂದು ಕ್ರಮೇಣ ಎಲ್ಲೆಡೆ ಹರಡಿತು. ಇದರ ಒತ್ತಡ ಕರಿಮದ್ದಿಗಿಂತ ಬಹಳ ಹೆಚ್ಚು. ಕರಿಮದ್ದಿನ ಕಾಲದ ಉರುಳೆಯಲ್ಲಿ ಇಂದಿನ ತೋಟೆಯನ್ನು ಹಾರಿಸಿದರೆ ಉರುಳೆ ಒಡೆದು ಹಾರಿಸಿದವರ ಕೈಬೆರಳು, ಕಣ್ಣುಗಳಿಗೆ ಘಾತವಾಗಬಹುದು.

ತೋಟೆಯು ಗೂಡಿನಲ್ಲಿ ಕೂತಿತೆಂದ ಮಾತ್ರಕ್ಕೆ ಅದು ಸರಿಯಾದ ತೋಟೆಯೆಂದು ಭಾವಿಸಬಾರದು. ‘.೩೮’ ಎಂಬ ಅಂಕಿಯುಳ್ಳ ತೋಟೆಗಳೇ ಹಲವು ಬಗೆಯವು; ಉದ್ದ ಬೇರೆ, ಒತ್ತಡ ಬೇರೆ. ‘.೩೨’ರಲ್ಲಿಯೂ ಗಿಡ್ಡ, ಉದ್ದ, ಪಿಸ್ತೂಲಿನದು ಎಂಬ ಭೇದಗಳಿವೆ. ಇನ್ನು ಪೆಟ್ಟಿಗೆಯಲ್ಲಿ ಆಯುಧದೊಡನೆಯೇ ದೊರೆತ ಹಳೆಯ ತೋಟೆಗಳನ್ನು ಎಂದೂ ಬಳಸಬಾರದು. ಅವು ತಡವಾಗಿ ಸಿಡಿಯಬಹುದು, ಅಥವಾ ಗುಂಡು ನಳಿಗೆಯ ನಡುವೆಯೇ ಸಿಲುಕಬಹುದು. ಅದರ ಹಿಂದೆ ಮತ್ತೊಂದು ಗುಂಡು ಹೊರಟರೆ ನಳಿಗೆ ಸೀಳುತ್ತದೆ. ಅವುಗಳನ್ನು ಒಲೆಗೆ ಹಾಕುವುದಾಗಲಿ, ಕಸದ ತಿಪ್ಪೆಗೆ ಎಸೆಯುವುದಾಗಲಿ, ಮಕ್ಕಳ ಕೈಗೆ ಆಟಕ್ಕೆ ಕೊಡುವುದಾಗಲಿ ಕೂಡದು. ಠಾಣೆಗೆ ಒಪ್ಪಿಸುವುದೊಂದೇ ಮಾರ್ಗ.

ಬಂದೂಕು ರಿಪೇರಿಯನ್ನು ಬಲ್ಲವರು ನೋಡಬೇಕಾದ ಅಂಶಗಳು ಹಲವಾರಿವೆ. ಸುತ್ತಿಗೆ ಎದ್ದಾಗ ಉರುಳೆಯ ಗೂಡು ನಳಿಗೆಗೆ ನೇರವಾಗಿ ನಿಂತು ಅಲುಗದಿರಬೇಕು. ತುಸು ಓರೆಯಾದರೂ ಸೀಸದ ಚೂರುಗಳು ಬದಿಗೆ ಸಿಡಿಯುತ್ತವೆ. ಮಡಚುವ ರಿವಾಲ್ವರಿನ ಕೀಲು, ಚಿಲಕಗಳು ಸಡಿಲಾಗಿರಬಾರದು. ನಳಿಗೆಯೊಳಗೆ ತುಕ್ಕಿನ ಕುಳಿಗಳು, ಉರುಳೆಯಲ್ಲಿ ಕೂದಲೆಳೆಯಂಥ ಸೀಳುಗಳು ಇರಬಾರದು. ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದ ಬಳಿಕ, ಅದೇ ಆಯುಧಕ್ಕೆ ತಕ್ಕ ಹೊಸ ತೋಟೆಗಳಿಂದ, ಅಂಗೀಕೃತ ಗುರಿಮೈದಾನದಲ್ಲಿ, ಬಲ್ಲವರ ಎದುರಿನಲ್ಲಿ ಹಾರಿಸುವುದಾದರೆ ಸರಿ. ಇವುಗಳಲ್ಲಿ ಒಂದು ಕೊರತೆಯಾದರೂ ಆಯುಧವು ನೋಟಕ್ಕೆ ಮಾತ್ರ ಇರಲಿ.

ಮದುವೆಯ ಮೆರವಣಿಗೆಯಲ್ಲಿ, ಜಾತ್ರೆಯ ಸಂಭ್ರಮದಲ್ಲಿ, ರಾಜಕೀಯದ ವಿಜಯೋತ್ಸವದಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಚಟವನ್ನು ಕುರಿತು ಎರಡು ಮಾತು. ಮೇಲೆ ಹೋದ ಗುಂಡು ಎಲ್ಲಿಯೋ ಒಂದೆಡೆ ಕೆಳಗೆ ಬಿದ್ದೇ ತೀರುತ್ತದೆ. ಇತರರ ಜೀವಕ್ಕೆ ಅಪಾಯ ತರುವ ಇಂಥ ಸಂಭ್ರಮಕ್ಕೆ ೨೦೧೯ರ ತಿದ್ದುಪಡಿಯು ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಿದೆ. ಬೀಗರ ಮುಂದೆ ಮೆರೆಯಹೋಗಿ ಬೀಗರ ಮನೆಯಲ್ಲಿಯೇ ಶೋಕವನ್ನು ತರುವ ಕೆಲಸ ನಮ್ಮ ಮನೆತನಗಳಿಗೆ ಶೋಭಿಸದು.

ಜೋಪಾನದ ಕ್ರಮ

ಪರವಾನಗಿಯೊಡನೆ ಮನೆಯಲ್ಲಿ ಇಟ್ಟುಕೊಳ್ಳುವವರು ಆಯುಧವನ್ನು ಬರಿದು ಮಾಡಿ ತಿಜೋರಿಯಲ್ಲಿಯೂ, ತೋಟೆಗಳನ್ನು ಬೇರೊಂದು ಬೀಗದಲ್ಲಿಯೂ ಇಡಬೇಕು. ಬೀಗದ ಕೈ ಪರವಾನಗಿದಾರರ ಬಳಿಯಲ್ಲಿಯೇ ಇರಬೇಕು; ತಲೆದಿಂಬಿನ ಕೆಳಗೆ, ಮಾಡದಲ್ಲಿ, ಕ್ಯಾಲೆಂಡರಿನ ಹಿಂದೆ ಅಲ್ಲ. ಮಕ್ಕಳಿಗೆ ಗೊತ್ತಿಲ್ಲದ ಜಾಗ ಎಂಬುದು ಯಾವ ಮನೆಯಲ್ಲಿಯೂ ಇಲ್ಲ ಎಂಬುದನ್ನು ತಾಯಂದಿರು ಚೆನ್ನಾಗಿ ಬಲ್ಲರು.

ಚರ್ಮದ ಚ್ಚೀಲದಲ್ಲಿ ಇಡುವ ರೂಢಿ ಒಳ್ಳೆಯದಲ್ಲ. ಚರ್ಮವು ತೇವವನ್ನು ಹೀರಿ ಉಕ್ಕಿಗೆ ತುಕ್ಕನ್ನೂ ಹಿತ್ತಾಳೆಗೆ ಹಸಿರನ್ನೂ ತರುತ್ತದೆ. ಬಂದೂಕಿನ ತೆಳುಎಣ್ಣೆಯನ್ನು ಹತ್ತಿಬಟ್ಟೆಯಿಂದ ಸವರಬೇಕು. ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆಗಳು ಕೆಲಕಾಲದಲ್ಲಿ ಅಂಟಾಗಿ ಒಳಭಾಗಗಳನ್ನು ಹಿಡಿದುಬಿಡುತ್ತವೆ. ಮುಟ್ಟಿದ ಬಳಿಕ ಬೆರಳಿನ ಬೆವರಿನ ಗುರುತನ್ನು ಒರೆಸಿಡಬೇಕು.

ಮಹಾನವಮಿಯ ಆಯುಧಪೂಜೆಯಂದು ಅದನ್ನು ಹೊರತೆಗೆಯುವ ಸಂಪ್ರದಾಯವಿರುವ ಮನೆಗಳಿವೆ. ಅಂದು ಮೊದಲು ಆಯುಧ ಬರಿದಾಗಿದೆಯೆಂದು ಪರವಾನಗಿದಾರರೇ ಖಚಿತ ಮಾಡಿಕೊಳ್ಳಬೇಕು. ನೀರು, ಕುಂಕುಮ, ಭಂಡಾರ ಕೀಲುಗಳೊಳಗೆ ಸೇರಿದರೆ ತುಕ್ಕಿಗೆ ದಾರಿ. ಒಂದು ಹೂವನ್ನು ಏರಿಸಿದರೆ ಭಕ್ತಿಗೆ ಕೊರತೆಯಾಗುವುದಿಲ್ಲ. ಪೂಜೆ ಮುಗಿದೊಡನೆ, ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡುವ ಮೊದಲೇ, ಒಳಗಿಡಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹೊಲಮನೆಯ ವ್ಯಾಜ್ಯದಿಂದ ದಾಯಾದಿಗಳಲ್ಲಿ ಮನಸ್ತಾಪ ಬೆಳೆದಾಗ, ಮನೆಯಲ್ಲಿ ಕುಡಿತದ ಅಭ್ಯಾಸವುಳ್ಳವರಿದ್ದಾಗ, ಸಾಲದಿಂದಲೋ ರೋಗದಿಂದಲೋ ಯಾರಾದರೂ ಬದುಕಿನಲ್ಲಿ ಬೇಸತ್ತಾಗ ಆಯುಧವು ಆ ಮನೆಯಲ್ಲಿ ಇರಕೂಡದು. ಸಿಟ್ಟಾಗಲಿ ದುಃಖವಾಗಲಿ ಹೊತ್ತು ಕಳೆದಂತೆ ಇಳಿಯುತ್ತದೆ. ಟ್ರಿಗರು ಆ ಹೊತ್ತನ್ನು ಕೊಡುವುದಿಲ್ಲ. ಅಂಥ ಸಮಯದಲ್ಲಿ ವ್ಯಾಪಾರಿಯಲ್ಲಿ ಅಥವಾ ಠಾಣೆಯಲ್ಲಿ ಅದನ್ನು ಠೇವಣಿ ಇಡುವುದು ಅವಮಾನವಲ್ಲ, ವಿವೇಕ.

ಉಳಿಸಬೇಕಾದುದು ಯಾವುದು?

ಮನೆಯಲ್ಲಿ ಯಾರಿಗೂ ಆಯುಧ ಬೇಡವಾಗಿದ್ದರೆ ಪರವಾನಗಿ ಅಧಿಕಾರಿಗಳ ಅನುಮತಿಯಿಂದ ಅದನ್ನು ಪರವಾನಗಿಯುಳ್ಳ ವ್ಯಾಪಾರಿಗೆ ಮಾರಬಹುದು ಅಥವಾ ಸರ್ಕಾರಕ್ಕೆ ಒಪ್ಪಿಸಬಹುದು. ಚಾರಿತ್ರಿಕ ಮಹತ್ವವುಳ್ಳದ್ದಾದರೆ ಅನುಮತಿ ಪಡೆದ ವಸ್ತುಸಂಗ್ರಹಾಲಯಕ್ಕೆ ಕೊಡುವ ವಿಚಾರವನ್ನೂ ಮಾಡಬಹುದು. ಹೀಗೆ ಕೊಡುವುದು ಹಿರಿಯರಿಗೆ ಮಾಡುವ ಅಗೌರವವೆಂದು ಕೆಲವರು ನೊಂದುಕೊಳ್ಳುತ್ತಾರೆ. ಅವರ ನೋವು ನಮಗೆ ಅರ್ಥವಾಗುತ್ತದೆ. ಆದರೆ ಆ ರಿವಾಲ್ವರನ್ನು ಯಾರು, ಯಾವ ವರ್ಷ, ಯಾವ ಕಾರಣಕ್ಕೆ ಪಡೆದರು ಎಂಬುದನ್ನು ಬಲ್ಲ ಕಿರಿಯರು ಎಷ್ಟು ಮನೆಗಳಲ್ಲಿದ್ದಾರೆ? ಉಕ್ಕನ್ನು ಉಳಿಸಿಕೊಂಡು ಕಥೆಯನ್ನು ಮರೆತರೆ ಉಳಿದದ್ದು ಆಯುಧ ಮಾತ್ರ, ಮನೆತನವಲ್ಲ.

ಆದಕಾರಣ ಮನೆಯ ಹಿರಿಯರು ಇನ್ನೂ ಮಾತನಾಡಬಲ್ಲವರಿರುವಾಗಲೇ ಅವರನ್ನು ಕೇಳಿ ಬರೆದಿಡಿರಿ. ಆಯುಧದ ಬಗೆ, ಬೋರು, ಕ್ರಮಸಂಖ್ಯೆ, ಪರವಾನಗಿಯ ವಿವರಗಳನ್ನು ಒಂದು ಪುಟದಲ್ಲಿ ಬರೆದು, ಹಳೆಯ ರಸೀದಿಗಳೊಡನೆ ಒಂದು ಕಡತದಲ್ಲಿ ಕೂಡಿಸಿಡಿರಿ. ಪರವಾನಗಿಯ ಅವಧಿ ಎಂದು ಮುಗಿಯುತ್ತದೆಂಬುದನ್ನು ಈ ವಾರವೇ ನೋಡಿರಿ. ಕಾಗದಗಳು ಸರಿಯಿಲ್ಲದಿದ್ದರೆ ಮಹಾನವಮಿಯವರೆಗೆ ಕಾಯದೆ ಬಲ್ಲವರ ಸಲಹೆ ಪಡೆಯಿರಿ. ಕಿರಿಯರ ಕೊರಳಿಗೆ ತೊಡಕನ್ನು ಕಟ್ಟದೆ ಹೋಗುವುದು ಹಿರಿಯರ ಕರ್ತವ್ಯ. ಹಿರಿಯರ ಹೆಸರಿಗೆ ಕಳಂಕ ಬಾರದಂತೆ ನಡೆಯುವುದು ಕಿರಿಯರ ಕರ್ತವ್ಯ. ಇವೆರಡೂ ನಮ್ಮ ಮನೆಗಳಲ್ಲಿ ತಪ್ಪದೆ ನಡೆಯಲೆಂಬುದು ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ.